ಕಾಲೇಜಿನ ಕ್ರೆಡಿಟ್ ಲೆಕ್ಕ: ಬೆಳೆಗಾರ ಪಾಲಕರು ತಿಳಿದಿರಬೇಕಾದ ಸಂಗತಿ

ನಮ್ಮ ಸಂಘದ ಕಛೇರಿಗೆ ಬರುವ ಸದಸ್ಯರು ಮೊದಲೆಲ್ಲ ಕೇಳುತ್ತಿದ್ದ ಪ್ರಶ್ನೆಗಳು ಮೂರೇ: ಇವತ್ತು ರಾಶಿ ಇಡಿಯ ಧಾರಣೆ ಎಷ್ಟು, ಮೈಲುತುತ್ತ ಬಂದಿದೆಯೇ, ಸಾಲದ ನವೀಕರಣ ಯಾವಾಗ. ಈಚಿನ ವರ್ಷಗಳಲ್ಲಿ ನಾಲ್ಕನೆಯ ಪ್ರಶ್ನೆಯೊಂದು ಸೇರಿಕೊಂಡಿದೆ. ಅದು ಮಕ್ಕಳ ಓದಿನದು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಯಾವ ಕಡೆಯ ಸದಸ್ಯರೇ ಆಗಲಿ, ಮಗನ ಅಥವಾ ಮಗಳ ಕಾಲೇಜಿನಿಂದ ಬಂದ ಕಾಗದವೊಂದನ್ನು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟು, "ಸೆಕ್ರೆಟರಿಗಳೇ, ಇದರಲ್ಲಿ ಕ್ರೆಡಿಟ್ ಅಂತ ಬರೆದಿದ್ದಾರಲ್ಲ, ಇದೇನು? ನಮ್ಮ ಸಾಲಕ್ಕೂ ಇದಕ್ಕೂ ಸಂಬಂಧ ಉಂಟೋ?" ಎಂದು ಕೇಳುತ್ತಾರೆ. ಸಹಕಾರ ಸಂಘದಲ್ಲಿ ಕ್ರೆಡಿಟ್ ಎಂದರೆ ಸಾಲವೇ ಆದ್ದರಿಂದ ಈ ಪ್ರಶ್ನೆಯಲ್ಲಿ ನಗುವಂಥದ್ದೇನೂ ಇಲ್ಲ. ನಿಜ ಹೇಳಬೇಕೆಂದರೆ ಆ ಕ್ರೆಡಿಟ್‌ಗೂ ನಮ್ಮ ಸಾಲಕ್ಕೂ ಸಂಬಂಧ ಇದ್ದೇ ಇದೆ. ಅದು ಹೇಗೆಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಇದನ್ನು ಬರೆಯಲು ಕಾರಣವಾದ ಒಂದು ಸಂಗತಿಯನ್ನು ಮೊದಲು ಹೇಳಿಬಿಡುತ್ತೇವೆ. ಒಂದು ಕೊಯ್ಲಿನ ಕಾಲದಲ್ಲಿ ಚನ್ನಗಿರಿ ಕಡೆಯ ಸದಸ್ಯರೊಬ್ಬರು ನಮ್ಮ ಕಛೇರಿಯಲ್ಲಿ ಕುಳಿತಿದ್ದಾಗ ಅಮೆರಿಕದಲ್ಲಿ ಪದವಿ ಓದುತ್ತಿದ್ದ ಅವರ ಮಗಳ ಫೋನು ಬಂತು. ಹುಡುಗಿ ಆ ಸೆಮಿಸ್ಟರಿನಲ್ಲಿ ನಾಲ್ಕು ವಿಷಯ ತೆಗೆದುಕೊಂಡಿದ್ದಳು; ಒಂದೊಂದಕ್ಕೆ 3 ಕ್ರೆಡಿಟ್‌ನಂತೆ ಒಟ್ಟು 12. ಗಣಿತದ ವಿಷಯ ತಲೆಗೆ ಹತ್ತುತ್ತಿರಲಿಲ್ಲ. ತಂದೆ ಸಮಾಧಾನ ಹೇಳಿದರು: "ಅಷ್ಟು ಕಷ್ಟ ಆದರೆ ಅದೊಂದನ್ನು ಬಿಟ್ಟುಬಿಡು ತಾಯಿ, ಮುಂದಿನ ವರ್ಷ ತಗೊಂಡರಾಯಿತು." ಎದುರಿಗೆ ಕುಳಿತಿದ್ದ ನಾವೂ ಹೌದೆಂದು ತಲೆಯಾಡಿಸಿದೆವು. ಪುಣ್ಯಕ್ಕೆ ಆ ಹುಡುಗಿ ವಿಷಯ ಬಿಡುವ ಮೊದಲು ಅಲ್ಲಿನ ವಿದೇಶೀ ವಿದ್ಯಾರ್ಥಿಗಳ ಕಛೇರಿಯಲ್ಲಿ ವಿಚಾರಿಸಿದಳು. ಅನುಮತಿಯಿಲ್ಲದೆ ಬಿಟ್ಟರೆ 12 ಹೋಗಿ 9 ಆಗುತ್ತದೆ, 9 ಆದರೆ ಅವಳು ಪೂರ್ಣಾವಧಿ ವಿದ್ಯಾರ್ಥಿನಿಯಾಗಿ ಉಳಿಯುವುದಿಲ್ಲ, ಪೂರ್ಣಾವಧಿಯಲ್ಲದಿದ್ದರೆ ವೀಸಾದ ನಿಯಮ ಮುರಿದಂತಾಗುತ್ತದೆ ಎಂದು ಅವರು ತಿಳಿಸಿದರು. ಅವಳು ವಿಷಯ ಬಿಡಲಿಲ್ಲ. ಕಡಿಮೆ ದರ್ಜೆಯಲ್ಲಾದರೂ ಪಾಸಾದಳು. ಅವಳ ಓದಿಗಾಗಿ ನಾಲ್ಕು ಎಕರೆ ತೋಟದ ಕಾಗದ ಬ್ಯಾಂಕಿನಲ್ಲಿದೆ. ಆ ದಿನ ತಿಳಿಯದೆ ತಲೆಯಾಡಿಸಿದ್ದು ಈಗಲೂ ನಮ್ಮನ್ನು ಚುಚ್ಚುತ್ತದೆ.

ಕ್ರೆಡಿಟ್ ಎಂದರೇನು?

ಕ್ರೆಡಿಟ್ ಎಂಬುದು ಓದಿನ ತೂಕ. ಅಡಿಕೆಯನ್ನು ಕ್ವಿಂಟಲ್ಲಿನಲ್ಲಿ ತೂಗುವಂತೆ, ಒಂದು ವಿಷಯಕ್ಕೆ ವಿದ್ಯಾರ್ಥಿ ಎಷ್ಟು ಹೊತ್ತು ದುಡಿಯಬೇಕು ಎಂಬುದನ್ನು ಕ್ರೆಡಿಟ್‌ನಲ್ಲಿ ತೂಗುತ್ತಾರೆ. ವಾರಕ್ಕೆ ಒಂದು ಗಂಟೆಯ ಪಾಠ, ಸುಮಾರು 15 ವಾರಗಳ ಒಂದು ಸೆಮಿಸ್ಟರ್ ನಡೆದರೆ ಅದು ಒಂದು ಕ್ರೆಡಿಟ್. ವಾರಕ್ಕೆ ಮೂರು ಗಂಟೆ ಪಾಠವಿರುವ ವಿಷಯಕ್ಕೆ 3 ಕ್ರೆಡಿಟ್.

ಇದರ ಹುಟ್ಟು ಸ್ವಾರಸ್ಯವಾಗಿದೆ. 1905ರಲ್ಲಿ ಅಮೆರಿಕದ ಉಕ್ಕಿನ ಉದ್ಯಮಿ ಆಂಡ್ರೂ ಕಾರ್ನೆಗಿ ಕಾಲೇಜು ಅಧ್ಯಾಪಕರ ನಿವೃತ್ತಿ ವೇತನಕ್ಕೆಂದು ಒಂದು ಕೋಟಿ ಡಾಲರ್ ಕೊಟ್ಟು ಪ್ರತಿಷ್ಠಾನವೊಂದನ್ನು ಕಟ್ಟಿದರು. ಯಾವುದು ನಿಜವಾದ ಕಾಲೇಜು, ಯಾವುದಲ್ಲ ಎಂದು ತೀರ್ಮಾನಿಸದೆ ಹಣ ಹಂಚುವಂತಿರಲಿಲ್ಲ. ಆದ್ದರಿಂದ, ಪ್ರೌಢಶಾಲೆಯಲ್ಲಿ ಇಂತಿಷ್ಟು ಗಂಟೆ ಓದಿದವರನ್ನೇ ಸೇರಿಸಿಕೊಳ್ಳುವ ಕಾಲೇಜುಗಳಿಗೆ ಮಾತ್ರ ನೆರವು ಎಂದು ಗೊತ್ತುಮಾಡಿ, ಆ ಗಂಟೆಗಳಿಗೆ ಒಂದು ಮಾನವನ್ನು ನಿಗದಿಪಡಿಸಿದರು. 1910ರಲ್ಲಿ ಅದೇ ಪ್ರತಿಷ್ಠಾನಕ್ಕಾಗಿ ಮಾರಿಸ್ ಕುಕ್ ಎಂಬ ಇಂಜಿನಿಯರ್ ಕಾರ್ಖಾನೆಯ ಲೆಕ್ಕದ ರೀತಿಯಲ್ಲಿ ಕಾಲೇಜಿನ ಕೆಲಸವನ್ನೂ 'ವಿದ್ಯಾರ್ಥಿ-ಗಂಟೆ'ಯಲ್ಲಿ ಅಳೆಯಬೇಕೆಂದು ವರದಿ ಕೊಟ್ಟರು. ಹೀಗೆ ಮೇಷ್ಟರ ಪಿಂಚಣಿಗಾಗಿ ಹುಟ್ಟಿದ ಅಳತೆ ಇಂದು ನಮ್ಮ ಮಕ್ಕಳ ಹಣೆಬರಹ ನಿರ್ಧರಿಸುತ್ತಿದೆ.

ನಮ್ಮ ರಾಜ್ಯಕ್ಕೆ ಇದು ಹೊಸತೇನೂ ಅಲ್ಲ. 1964ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯ ಅಮೆರಿಕದ ಟೆನೆಸಿ ವಿಶ್ವವಿದ್ಯಾನಿಲಯದ ನೆರವಿನಿಂದ ಬೆಳೆದ ಸಂಸ್ಥೆ. ಕ್ರೆಡಿಟ್, ಗ್ರೇಡ್ ಪಾಯಿಂಟ್‌ಗಳು ನಮ್ಮಲ್ಲಿ ಮೊದಲು ಬೇರೂರಿದ್ದು ಕೃಷಿ ಕಾಲೇಜುಗಳಲ್ಲಿ. ಇಂದಿಗೂ ಶಿವಮೊಗ್ಗದ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾನಿಲಯದಲ್ಲಿ ಓದುವ ಮಕ್ಕಳ ಪಟ್ಟಿಯಲ್ಲಿ 3 (2+1) ಎಂಬಂಥ ಬರಹ ಕಾಣುತ್ತದೆ. ಎರಡು ಕ್ರೆಡಿಟ್ ಪಾಠಕ್ಕೆ, ಒಂದು ಕ್ರೆಡಿಟ್ ಪ್ರಾಯೋಗಿಕಕ್ಕೆ ಎಂದು ಅದರರ್ಥ. ಪ್ರಾಯೋಗಿಕದ ಒಂದು ಕ್ರೆಡಿಟ್‌ಗೆ ವಾರಕ್ಕೆ ಎರಡು ಗಂಟೆ ದುಡಿಯಬೇಕು. ಕೊನೆಯ ವರ್ಷದಲ್ಲಿ ನಮ್ಮ ಊರುಗಳಿಗೆ ಬಂದು ಉಳಿದು, ತೋಟ ಸುತ್ತಿ, ಕೊಳೆರೋಗದ ಫೋಟೋ ತೆಗೆದುಕೊಂಡು ಹೋಗುವ ಹುಡುಗ ಹುಡುಗಿಯರನ್ನು ಎಲ್ಲರೂ ನೋಡಿದ್ದೀರಿ. ಅದೂ ಕ್ರೆಡಿಟ್‌ಗೆ ಸೇರಿದ ಓದೇ. ಐದನೆಯ ಡೀನ್‌ಗಳ ಸಮಿತಿಯ ಪಠ್ಯಕ್ರಮದಲ್ಲಿ ಈ ಗ್ರಾಮೀಣ ಕಾರ್ಯಾನುಭವಕ್ಕೆ 20 ಕ್ರೆಡಿಟ್ ಇಟ್ಟಿದ್ದರು. ಅವರಿಗೆ ಸರಿಯಾದ ಮಾಹಿತಿ ಕೊಟ್ಟು ಕಳುಹಿಸುವುದು ನಮ್ಮ ಕರ್ತವ್ಯವೆಂದು ಈ ಸಂದರ್ಭದಲ್ಲಿ ನೆನಪಿಸುತ್ತೇವೆ.

ಎಲ್ಲ ಕ್ರೆಡಿಟ್ ಒಂದೇ ತೂಕವಲ್ಲ

ಹಸಿ ಅಡಿಕೆಯ ಕ್ವಿಂಟಲ್ಲೇ ಬೇರೆ, ಬೇಯಿಸಿ ಒಣಗಿಸಿದ ರಾಶಿಯ ಕ್ವಿಂಟಲ್ಲೇ ಬೇರೆ. ಕಾಫಿಯಲ್ಲೂ ಚೆರ್ರಿ ಮೂಟೆಯ ತೂಕ ಹೇಳಿದರೆ ಸಾಲದು, ಔಟ್‌ಟರ್ನ್ ಎಷ್ಟೆಂದು ಕೇಳುತ್ತೇವೆ. ಕ್ರೆಡಿಟ್ ವಿಷಯದಲ್ಲೂ ಹಾಗೆಯೇ ಕೇಳಬೇಕು.

ಅಮೆರಿಕದ ಸರ್ಕಾರಿ ನಿಯಮದಂತೆ ಒಂದು ಕ್ರೆಡಿಟ್ ಎಂದರೆ ವಾರಕ್ಕೆ ಒಂದು ಗಂಟೆ ಪಾಠ ಮತ್ತು ಕನಿಷ್ಠ ಎರಡು ಗಂಟೆ ಸ್ವಂತ ಓದು. ಹೀಗೆ ಸುಮಾರು 15 ವಾರ. ಅಂದರೆ ಒಂದು ಕ್ರೆಡಿಟ್‌ಗೆ 45 ಗಂಟೆಯ ದುಡಿಮೆ. ನಮ್ಮ ದೇಶದಲ್ಲಿ 2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನ ಪ್ರಕಾರ ಒಂದು ಕ್ರೆಡಿಟ್‌ಗೆ 30 ಗಂಟೆ, ವರ್ಷಕ್ಕೆ 40 ಕ್ರೆಡಿಟ್, ಒಟ್ಟು 1,200 ಗಂಟೆ. ಇಂಗ್ಲೆಂಡಿನಲ್ಲಿ ಒಂದು ಕ್ರೆಡಿಟ್‌ಗೆ 10 ಗಂಟೆ, ವರ್ಷಕ್ಕೆ 120 ಕ್ರೆಡಿಟ್. ಜರ್ಮನಿ ಮೊದಲಾದ ಯೂರೋಪಿನ ದೇಶಗಳಲ್ಲಿ ವರ್ಷಕ್ಕೆ 60 ಕ್ರೆಡಿಟ್, ಒಂದೊಂದಕ್ಕೆ 25ರಿಂದ 30 ಗಂಟೆ. ಆದುದರಿಂದ "ನನ್ನ ಮಗನಿಗೆ 20 ಕ್ರೆಡಿಟ್, ಅವರ ಮಗಳಿಗೆ ಬರೀ 15" ಎಂದು ಹೋಲಿಸುವುದು ತಪ್ಪು. ಇಲ್ಲಿಯ 20 ಕ್ರೆಡಿಟ್ 600 ಗಂಟೆಯಾದರೆ ಅಲ್ಲಿಯ 15 ಕ್ರೆಡಿಟ್ 675 ಗಂಟೆಯಾಗುತ್ತದೆ.

ನಮ್ಮಲ್ಲಿ ಪೂರ್ಣಾವಧಿ, ಅರೆಕಾಲಿಕ

ನಮ್ಮ ನಾಲ್ಕು ತಾಲ್ಲೂಕುಗಳೂ ದಾವಣಗೆರೆ ಜಿಲ್ಲೆಗೆ ಸೇರಿದ್ದು, ಇಲ್ಲಿನ ಪ್ರಥಮ ದರ್ಜೆ ಕಾಲೇಜುಗಳು 2009ರಲ್ಲಿ ಸ್ಥಾಪನೆಯಾದ ದಾವಣಗೆರೆ ವಿಶ್ವವಿದ್ಯಾನಿಲಯದ ವ್ಯಾಪ್ತಿಯಲ್ಲಿವೆ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ರಾಜ್ಯದಲ್ಲಿ ನಾಲ್ಕು ವರ್ಷದ ಪದವಿ ಬಂತು; 2024-25ರಿಂದ ಮತ್ತೆ ಮೂರು ವರ್ಷದ ಪದವಿಯಾಯಿತು. ವರ್ಷ ಬದಲಾದರೂ ಸೆಮಿಸ್ಟರ್ ಮತ್ತು ಕ್ರೆಡಿಟ್ ಪದ್ಧತಿ ಉಳಿದಿವೆ.

ಇಲ್ಲಿ ಒಂದು ಮುಖ್ಯ ವ್ಯತ್ಯಾಸವನ್ನು ಗಮನಿಸಬೇಕು. ನಮ್ಮ ಕಾಲೇಜುಗಳಲ್ಲಿ ವಿದ್ಯಾರ್ಥಿ ಪೂರ್ಣಾವಧಿಯವನೋ ಅಲ್ಲವೋ ಎಂಬುದು ಆ ಸೆಮಿಸ್ಟರಿನಲ್ಲಿ ಅವನು ಆರಿಸಿಕೊಂಡ ಕ್ರೆಡಿಟ್‌ನಿಂದ ತೀರ್ಮಾನವಾಗುವುದಿಲ್ಲ. ಪ್ರವೇಶ ಪಡೆದ ದಿನವೇ ತೀರ್ಮಾನವಾಗಿರುತ್ತದೆ. ರೆಗ್ಯುಲರ್ ಎಂದು ಸೇರಿದವನು ಆ ಸೆಮಿಸ್ಟರಿಗೆ ಗೊತ್ತುಮಾಡಿದ ಎಲ್ಲ ವಿಷಯಗಳನ್ನೂ ಓದಲೇಬೇಕು. ಅವನನ್ನು ಹಿಡಿದಿಡುವುದು ಹಾಜರಾತಿ. ಸಾಮಾನ್ಯವಾಗಿ ನೂರಕ್ಕೆ 75. ಜಗಳೂರು ಕಡೆಯ ಸದಸ್ಯರೊಬ್ಬರ ಮಗ ರೆಗ್ಯುಲರ್ ಪದವಿಗೆ ಸೇರಿ, ಬೋರ್‌ವೆಲ್ ಕೈಕೊಟ್ಟ ವರ್ಷ ಟ್ಯಾಂಕರ್ ನೀರು ಹೊಡೆಸುವುದರಲ್ಲಿ, ಕೊಯ್ಲು ಬಂದಾಗ ಆಳುಗಳ ಹಿಂದೆ ತಿರುಗುವುದರಲ್ಲಿ ಕಾಲ ಕಳೆದ. ಹಾಜರಾತಿ ಸಾಲದೆ ಪರೀಕ್ಷೆಗೆ ಕೂರಲಾಗಲಿಲ್ಲ. "ಶುಲ್ಕ ಕಟ್ಟಿದ್ದೇವಲ್ಲ ಸ್ವಾಮಿ" ಎಂದು ತಂದೆ ಕೇಳಿದರು. ಶುಲ್ಕ ಕಟ್ಟಿದರೆ ಸೀಟು ಸಿಗುತ್ತದೆ, ಕ್ರೆಡಿಟ್ ಸಿಗುವುದಿಲ್ಲ. ಖೇಣಿ ಹಿಡಿದವನು ಮುಂಗಡ ಕೊಟ್ಟ ಮಾತ್ರಕ್ಕೆ ಗೊನೆ ತಾನಾಗಿ ಕೆಳಗಿಳಿಯುವುದುಂಟೇ?

ತೋಟದ ಹೊಣೆ ಹೊತ್ತ ಮಕ್ಕಳಿಗೆ ಬೇರೆ ದಾರಿ ಇದೆ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ 1996ರಿಂದಲೂ ಮನೆಯಲ್ಲಿದ್ದೇ ಓದುವವರಿಗೆ ಪದವಿ ಕೊಡುತ್ತಿದೆ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ 2020ರ ನಿಯಮಾವಳಿಯಂತೆ, ಮಾನ್ಯತೆ ಪಡೆದ ಸಂಸ್ಥೆಯ ದೂರಶಿಕ್ಷಣ ಪದವಿ ರೆಗ್ಯುಲರ್ ಪದವಿಗೆ ಸಮಾನ. ಹೊನ್ನಾಳಿ ಕಡೆಯ ಸದಸ್ಯರೊಬ್ಬರ ಸೊಸೆ ಮದುವೆಯಾಗಿ, ಮಗುವಾದ ಮೇಲೆ ಹೀಗೆಯೇ ಪದವಿ ಮುಗಿಸಿದ್ದಾರೆ. ಅಡಿಕೆ ಬೇಯಿಸುವ ಒಲೆಯ ಪಕ್ಕದಲ್ಲಿ ಕುಳಿತು ಓದಿದೆನೆಂದು ಅವರೇ ನಮಗೆ ಹೇಳಿದರು. ಆದರೆ ಒಂದು ಎಚ್ಚರಿಕೆ: ಕೃಷಿ, ತೋಟಗಾರಿಕೆ, ಇಂಜಿನಿಯರಿಂಗ್, ಕಾನೂನು, ವೈದ್ಯಕೀಯ, ನರ್ಸಿಂಗ್ ಪದವಿಗಳನ್ನು ದೂರಶಿಕ್ಷಣದಲ್ಲಿ ಕೊಡುವಂತಿಲ್ಲ. ಮನೆಯಲ್ಲೇ ಕುಳಿತು ಬಿ.ಎಸ್ಸಿ. ಕೃಷಿ ಪದವಿ ಪಡೆಯಬಹುದೆಂದು ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.

ಇನ್ನೆರಡು ಅನುಕೂಲಗಳನ್ನು ತಿಳಿದಿರಬೇಕು. 2022ರಿಂದ ಒಬ್ಬ ವಿದ್ಯಾರ್ಥಿ ಏಕಕಾಲದಲ್ಲಿ ಎರಡು ಪದವಿ ಓದಬಹುದು. ಎರಡೂ ರೆಗ್ಯುಲರ್ ಆದರೆ ತರಗತಿಯ ವೇಳೆ ಒಂದರ ಮೇಲೊಂದು ಬರಬಾರದು. ಮತ್ತು 2021ರ ನಿಯಮಾವಳಿಯಂತೆ ರಚಿಸಿದ ಕ್ರೆಡಿಟ್ ಬ್ಯಾಂಕಿನಲ್ಲಿ ವಿದ್ಯಾರ್ಥಿ ಗಳಿಸಿದ ಕ್ರೆಡಿಟ್‌ಗಳು ಅವನ ಹೆಸರಿನಲ್ಲಿ ಜಮೆಯಾಗುತ್ತವೆ. ಗರಿಷ್ಠ ಏಳು ವರ್ಷ ಅವು ಊರ್ಜಿತ. ಮನೆಯ ತೊಂದರೆಯಿಂದ ನಡುವೆ ಓದು ನಿಲ್ಲಿಸಿದವರು ಇದನ್ನು ಮರೆಯಬಾರದು. ನಿಮ್ಮ ಮಗಳು ಎರಡು ವರ್ಷ ಓದಿ ಬಿಟ್ಟಿದ್ದರೆ ಆ ಎರಡು ವರ್ಷ ನೀರಿನಲ್ಲಿ ಹೋಮ ಮಾಡಿದಂತೆ ಆಗಲಿಲ್ಲ. ಅವಳ ಖಾತೆಯಲ್ಲಿ ಏನಿದೆಯೆಂದು ಕಾಲೇಜಿನಲ್ಲಿ ವಿಚಾರಿಸಿ.

ಅಮೆರಿಕದ ಲೆಕ್ಕ

ಅಲ್ಲಿ ಪ್ರತಿ ಸೆಮಿಸ್ಟರಿನಲ್ಲಿ ಎಷ್ಟು ವಿಷಯ ತೆಗೆದುಕೊಳ್ಳಬೇಕೆಂದು ವಿದ್ಯಾರ್ಥಿಯೇ ಆರಿಸುತ್ತಾನೆ. ಆದ್ದರಿಂದಲೇ ಅಲ್ಲಿ ಅವನ ಸ್ಥಾನಮಾನವನ್ನು ಕ್ರೆಡಿಟ್ ಎಣಿಸಿ ತೀರ್ಮಾನಿಸುತ್ತಾರೆ. ಪದವಿ ತರಗತಿಯಲ್ಲಿ ಸೆಮಿಸ್ಟರಿಗೆ 12 ಅಥವಾ ಹೆಚ್ಚು ಕ್ರೆಡಿಟ್ ಇದ್ದರೆ ಪೂರ್ಣಾವಧಿ. ಅದಕ್ಕಿಂತ ಕಡಿಮೆಯಾದರೆ ಅರೆಕಾಲಿಕ. ಅರೆಕಾಲಿಕದಲ್ಲೂ 9ರಿಂದ 11 ಮುಕ್ಕಾಲು ಪಾಲು, 6ರಿಂದ 8 ಅರ್ಧ ಪಾಲು ಎಂದು ಗಣನೆ. ಸ್ನಾತಕೋತ್ತರ ಓದಿನಲ್ಲಿ ಆಯಾ ವಿಶ್ವವಿದ್ಯಾನಿಲಯವೇ ಮಿತಿ ಗೊತ್ತುಮಾಡುತ್ತದೆ. ಹೆಚ್ಚಿನ ಕಡೆ ಅದು 9.

ಆ ದೇಶದವರೇ ಆದರೆ ಅರೆಕಾಲಿಕವಾಗಿ ಓದಿದರೂ ಬಾಧಕವಿಲ್ಲ. ಶುಲ್ಕ, ಸಾಲ, ಸಹಾಯಧನದ ಮೊತ್ತ ಬದಲಾಗಬಹುದು, ಅಷ್ಟೇ. ಎಫ್-1 ವೀಸಾದ ಮೇಲೆ ಹೋದ ನಮ್ಮ ಮಕ್ಕಳಿಗೆ ಆ ಸ್ವಾತಂತ್ರ್ಯವಿಲ್ಲ. ಬೇಸಿಗೆ ರಜೆಯ ಹೊರತು ಪ್ರತಿ ಸೆಮಿಸ್ಟರಿನಲ್ಲೂ ಪೂರ್ಣಾವಧಿ ಇರಬೇಕು. ಮನೆಯಲ್ಲಿ ಕುಳಿತು ಕಂಪ್ಯೂಟರಿನಲ್ಲಿ ಓದುವ ವಿಷಯವಾದರೆ ಸೆಮಿಸ್ಟರಿಗೆ ಒಂದು ಮಾತ್ರ, ಅಥವಾ 3 ಕ್ರೆಡಿಟ್ ಮಾತ್ರ ಈ ಲೆಕ್ಕಕ್ಕೆ ಬರುತ್ತದೆ.

ಕಷ್ಟ ಬಂದಾಗ ರಿಯಾಯಿತಿ ಇಲ್ಲವೆಂದಲ್ಲ. ಕಾಯಿಲೆಯಾದರೆ ವೈದ್ಯರ ಪತ್ರದ ಮೇಲೆ ಒಟ್ಟು 12 ತಿಂಗಳವರೆಗೆ ಕಡಿಮೆ ಓದಲು, ಅಗತ್ಯವಿದ್ದರೆ ಪೂರ್ತಿ ನಿಲ್ಲಿಸಲು ಅನುಮತಿ ಸಿಗುತ್ತದೆ. ಹೊಸದಾಗಿ ಹೋದವರಿಗೆ ಭಾಷೆಯ, ಬೋಧನಾ ಕ್ರಮದ ತೊಡಕಿದ್ದರೆ ಒಂದು ಸಲ ಕಡಿಮೆ ಮಾಡಿಕೊಳ್ಳಬಹುದು. ಆಗಲೂ 6 ಕ್ರೆಡಿಟ್‌ಗಿಂತ ಕೆಳಗಿಳಿಯುವಂತಿಲ್ಲ. ಕೊನೆಯ ಸೆಮಿಸ್ಟರಿನಲ್ಲಿ ಉಳಿದಿರುವುದಷ್ಟನ್ನೇ ಓದಿದರೆ ಸಾಕು. ಆದರೆ ಈ ಮೂರರಲ್ಲೂ ಅನುಮತಿ ಮೊದಲು, ವಿಷಯ ಬಿಡುವುದು ಆಮೇಲೆ. ಈ ಕ್ರಮ ತಲೆಕೆಳಗಾದರೆ ವೀಸಾದ ಸ್ಥಾನಮಾನ ಹೋಗುತ್ತದೆ. ಮರಳಿ ಪಡೆಯಲು ಅರ್ಜಿ ಹಾಕಿಕೊಂಡು ಕಾಯಬೇಕು.

ಇನ್ನೊಂದು ಸೂಕ್ಷ್ಮವಿದೆ. ವಿಷಯದಲ್ಲಿ ಫೇಲಾಗುವುದು ಬೇರೆ, ವಿಷಯ ಬಿಡುವುದು ಬೇರೆ. ಫೇಲಾದವನು ಸೆಮಿಸ್ಟರ್ ಪೂರ್ತಿ 12 ಕ್ರೆಡಿಟ್ ಓದಿದವನೆಂದೇ ಲೆಕ್ಕ. ಆದರೆ ಗಳಿಕೆಗೆ ಆ 3 ಕ್ರೆಡಿಟ್ ಸೇರುವುದಿಲ್ಲ, ಅಂಕದ ಸರಾಸರಿಯೂ ಬೀಳುತ್ತದೆ. ಪದೇ ಪದೇ ಹಾಗಾದರೆ ಕಾಲೇಜೇ ಹೊರಗೆ ಕಳುಹಿಸಬಹುದು. ಬಿಟ್ಟವನದು ಅಂಕಪಟ್ಟಿ ಚೆನ್ನಾಗಿಯೇ ಉಳಿದರೂ ಆ ದಿನದಿಂದಲೇ 12 ಎಂಬುದು 9 ಆಗುತ್ತದೆ. ಊರಿನಲ್ಲಿ ಕುಳಿತ ನಮಗೆ ಫೇಲಾಗುವುದೇ ದೊಡ್ಡ ಅವಮಾನವಾಗಿ ಕಾಣುತ್ತದೆ. "ಫೇಲಾಗುವುದಕ್ಕಿಂತ ಬಿಡುವುದು ಲೇಸು" ಎಂಬ ಬುದ್ಧಿವಾದ ಬಾಯಿಗೆ ತಾನಾಗಿ ಬರುತ್ತದೆ. ವೀಸಾದ ಲೆಕ್ಕದಲ್ಲಿ ಆ ಬುದ್ಧಿವಾದವೇ ಅಪಾಯ.

ಹನ್ನೆರಡು ಸಾಕೇ?

ನ್ಯಾಮತಿ ಕಡೆಯ ಸದಸ್ಯರೊಬ್ಬರು ತಮ್ಮ ಮಗ ಪ್ರತಿ ಸೆಮಿಸ್ಟರಿನಲ್ಲೂ 12 ಕ್ರೆಡಿಟ್ ತಪ್ಪದೆ ಓದುತ್ತಿದ್ದಾನೆ, ಪೂರ್ಣಾವಧಿ ವಿದ್ಯಾರ್ಥಿ ಎಂದು ಹೆಮ್ಮೆಯಿಂದ ಹೇಳುತ್ತಿದ್ದರು. ನಾವೂ "ಹಾಗಾದರೆ ನಾಲ್ಕು ವರ್ಷಕ್ಕೆ ಮುಗಿಯಿತು ಬಿಡಿ" ಎಂದಿದ್ದೆವು. ನಮ್ಮದು ಅವಸರದ ಮಾತಾಯಿತು. ಅಲ್ಲಿ ಪದವಿಗೆ ಸಾಮಾನ್ಯವಾಗಿ 120 ಕ್ರೆಡಿಟ್ ಬೇಕು. ಎಂಟು ಸೆಮಿಸ್ಟರ್ 12ರಂತೆ ಓದಿದರೆ ಆಗುವುದು 96. ಇನ್ನೂ 24 ಉಳಿಯಿತು. ಅಂದರೆ ಅದೇ ವೇಗದಲ್ಲಿ ಇನ್ನೊಂದು ವರ್ಷ. ನಾಲ್ಕು ವರ್ಷಕ್ಕೆ ಮುಗಿಯಬೇಕಾದರೆ ಸೆಮಿಸ್ಟರಿಗೆ 15 ಬೇಕು. ಪೂರ್ಣಾವಧಿ ಎಂಬುದು ದೇಶದಲ್ಲಿ ಉಳಿಯಲು ಬೇಕಾದ ಕನಿಷ್ಠ ಮಿತಿಯೇ ಹೊರತು ಕಾಲಕ್ಕೆ ಸರಿಯಾಗಿ ಮುಗಿಸುವ ಅಳತೆಯಲ್ಲ. ಗಿಡ ಸಾಯದಿರಲು ಬೇಕಾದ ನೀರೇ ಬೇರೆ, ಫಸಲು ಬರಲು ಬೇಕಾದ ನೀರೇ ಬೇರೆ.

ಹೀಗೆ ಒಂದು ವರ್ಷ ಹೆಚ್ಚಾದರೆ ಶುಲ್ಕ, ಊಟ, ಬಾಡಿಗೆ ಎಲ್ಲವೂ ಮತ್ತೊಂದು ವರ್ಷದ್ದು. ನಮ್ಮ ಬ್ಯಾಂಕುಗಳ ಶಿಕ್ಷಣ ಸಾಲದಲ್ಲಿ ಸಾಮಾನ್ಯವಾಗಿ ಓದಿನ ಅವಧಿ ಮತ್ತು ಅದರ ಮೇಲೆ ಒಂದು ವರ್ಷ ಕಂತಿಗೆ ಬಿಡುವು ಇರುತ್ತದೆ. ಆ ಅವಧಿಯಲ್ಲೂ ಬಡ್ಡಿ ಬೆಳೆಯುತ್ತಲೇ ಇರುತ್ತದೆ. ಕೆಲವು ವಿಶ್ವವಿದ್ಯಾನಿಲಯಗಳಲ್ಲಿ 12ರಿಂದ 18 ಕ್ರೆಡಿಟ್‌ವರೆಗೆ ಒಂದೇ ಶುಲ್ಕ. ಅಂಥಲ್ಲಿ 12 ಓದುವವನು 15ರ ಹಣ ಕೊಟ್ಟು 12ರ ಸರಕು ತಂದಂತಾಯಿತು. ಸ್ನಾತಕೋತ್ತರದಲ್ಲೂ ಇದೇ ರೀತಿ ಲೆಕ್ಕ ಹಾಕಬೇಕು. ಪದವಿಗೆ 30 ಕ್ರೆಡಿಟ್ ಬೇಕೆಂದಿದ್ದರೆ 9ರಂತೆ ಮೂರು ಸೆಮಿಸ್ಟರಿಗೆ 27 ಆಗಿ, 3 ಕ್ರೆಡಿಟ್‌ಗಾಗಿ ನಾಲ್ಕನೆಯ ಸೆಮಿಸ್ಟರ್ ಕಾಯಬೇಕಾಗುತ್ತದೆ. ಒಂದು ಸೆಮಿಸ್ಟರಿನಲ್ಲಿ 12 ತೆಗೆದುಕೊಂಡರೆ ಮೂರಕ್ಕೇ ಮುಗಿಯುತ್ತದೆ.

ಹಾಗೆಂದು ಎಲ್ಲ ಮಕ್ಕಳ ಮೇಲೂ 15 ಹೇರಿರಿ ಎಂದು ನಾವು ಹೇಳುತ್ತಿಲ್ಲ. ಲೆಕ್ಕ ನೋಡಿ: 15 ಕ್ರೆಡಿಟ್ ಎಂದರೆ ವಾರಕ್ಕೆ 45 ಗಂಟೆ ಓದು. ಅದರ ಜೊತೆಗೆ ತರಗತಿ ನಡೆಯುವ ಕಾಲದಲ್ಲಿ ವಿಶ್ವವಿದ್ಯಾನಿಲಯದ ಆವರಣದೊಳಗೆ ವಾರಕ್ಕೆ 20 ಗಂಟೆ ಕೆಲಸ ಮಾಡಲು ಅವಕಾಶವಿದೆ. ಎರಡೂ ಸೇರಿದರೆ 65 ಗಂಟೆ. ಇದರ ಮೇಲೆ ಅಡಿಗೆ, ಬಟ್ಟೆ, ಚಳಿ. "ಕೈಖರ್ಚಿಗೆ ನೀನೇ ದುಡಿದುಕೋ" ಎಂದು ಇಲ್ಲಿಂದ ಹೇಳುವಾಗ ಈ 65ನ್ನು ನೆನಪಿನಲ್ಲಿಡಬೇಕು. ಕೆನಡಾದಲ್ಲಿ 2024ರ ನವೆಂಬರಿನಿಂದ ಆವರಣದ ಹೊರಗಿನ ಕೆಲಸದ ಮಿತಿ ವಾರಕ್ಕೆ 24 ಗಂಟೆ. ಅಲ್ಲಿಯೂ ಪೂರ್ಣಾವಧಿ ವಿದ್ಯಾರ್ಥಿಯಾಗಿದ್ದರೆ ಮಾತ್ರ. ಎಲ್ಲ ಕಡೆಯೂ ಕೆಲಸದ ಹಕ್ಕು ಓದಿಗೆ ಗಂಟು ಹಾಕಿಕೊಂಡಿದೆ. ಓದು ಸಡಿಲವಾದರೆ ಕೆಲಸವೂ ಕಳಚುತ್ತದೆ.

ಸದಸ್ಯರಲ್ಲಿ ವಿನಂತಿ

ಸಾಲದ ಅರ್ಜಿಗೆ ಸಹಿ ಹಾಕುವ ಮುಂಚೆ ಮಗನನ್ನೋ ಮಗಳನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಈ ಐದು ಪ್ರಶ್ನೆ ಕೇಳಿ, ಉತ್ತರವನ್ನು ಒಂದು ಹಾಳೆಯಲ್ಲಿ ಬರೆದಿಡಿ.

1. ಪದವಿ ಮುಗಿಯಲು ಒಟ್ಟು ಎಷ್ಟು ಕ್ರೆಡಿಟ್ ಬೇಕು?
2. ಪೂರ್ಣಾವಧಿ ಎನಿಸಿಕೊಳ್ಳಲು ಸೆಮಿಸ್ಟರಿಗೆ ಕನಿಷ್ಠ ಎಷ್ಟು?
3. ಗೊತ್ತಾದ ಕಾಲಕ್ಕೆ ಮುಗಿಸಲು ಸೆಮಿಸ್ಟರಿಗೆ ಎಷ್ಟು?
4. ಶುಲ್ಕ ಸೆಮಿಸ್ಟರಿಗೋ, ಕ್ರೆಡಿಟ್‌ಗೋ?
5. ಒಂದು ವಿಷಯ ಬಿಡಬೇಕಾಗಿ ಬಂದರೆ ಮೊದಲು ಯಾರ ಅನುಮತಿ ಪಡೆಯಬೇಕು?

ಎರಡನೆಯ ಮತ್ತು ಮೂರನೆಯ ಉತ್ತರ ಬೇರೆ ಬೇರೆ ಇದ್ದರೆ, ಆ ಅಂತರವೇ ನಿಮ್ಮ ತೋಟದ ಮೇಲೆ ಬೀಳುವ ಹೆಚ್ಚುವರಿ ಸಾಲವೆಂದು ತಿಳಿಯಿರಿ.

ಕೊನೆಯದಾಗಿ ಒಂದು ಮಾತು. ಅಲ್ಲಿಯ ಮೊದಲ ಸೆಮಿಸ್ಟರ್ ಆಗಸ್ಟ್ ಕೊನೆಯಿಂದ ಡಿಸೆಂಬರ್ ನಡುವಿನವರೆಗೆ. ಇಲ್ಲಿ ನಮಗದು ಕೊಯ್ಲು, ಸುಲಿತ, ಬೇಯಿಸುವ ಗಡಿಬಿಡಿಯ ಕಾಲ. ಮಕ್ಕಳು ಫೋನು ಮಾಡಿದಾಗ ನಮ್ಮ ಒಂದು ಕಣ್ಣು ಚಪ್ಪರದ ಮೇಲೆ, ಒಂದು ಕಣ್ಣು ಮೋಡದ ಮೇಲೆ ಇರುತ್ತದೆ. ಅವಸರದಲ್ಲಿ "ಬಿಟ್ಟುಬಿಡು" ಎಂದೋ "ಹೇಗೋ ಮಾಡು" ಎಂದೋ ಹೇಳಿಬಿಡುತ್ತೇವೆ. ಇನ್ನು ಮುಂದೆ ಆ ಫೋನು ಬಂದಾಗ ಐದು ನಿಮಿಷ ಕುಳಿತು, "ಈಗ ಎಷ್ಟು ಕ್ರೆಡಿಟ್ ಇದೆ, ಬಿಟ್ಟರೆ ಎಷ್ಟು ಉಳಿಯುತ್ತದೆ, ಕಛೇರಿಯಲ್ಲಿ ಕೇಳಿದೆಯಾ?" ಎಂದು ಕೇಳೋಣ. ಅಷ್ಟು ಕೇಳಲು ನಾವು ಇಂಗ್ಲಿಷ್ ಕಲಿತಿರಬೇಕಾಗಿಲ್ಲ. ಕೂಡುವುದು ಕಳೆಯುವುದು ಬಂದರೆ ಸಾಕು. ಕಾಗದ ಅರ್ಥವಾಗದಿದ್ದಲ್ಲಿ ಸಂಘದ ಕಛೇರಿಯ ವೇಳೆಯಲ್ಲಿ ತನ್ನಿ, ಒಟ್ಟಿಗೆ ಕುಳಿತು ಓದೋಣ. ಈ ಸಲ ಓದಿ ತಿಳಿಯುವ ಮುಂಚೆ ತಲೆಯಾಡಿಸುವುದಿಲ್ಲವೆಂದು ನಾವು ಮಾತು ಕೊಡುತ್ತೇವೆ.